ಸರಪಳಿಯೋ ಕೋಡಿಸಾಲೋ: ಒಂದು ಜರ್ಮನ್ ಪಾರಿಭಾಷಿಕ ಪದ ಮತ್ತು ನೊಯ್ಯಲ್ ಕಣಿವೆಯ ಚರಿತ್ರೆ

ಕೊಯಮತ್ತೂರು ಸೀಮೆಯ ಆಧುನಿಕ ಚರಿತ್ರೆಯನ್ನು ಬರೆಯುವವರೆಲ್ಲ ಒಂದು ರೂಪಕಕ್ಕೆ ಸುಲಭವಾಗಿ ಶರಣಾಗುತ್ತೇವೆ. ಹತ್ತಿಯಿಂದ ಗಿರಣಿ ಬಂತು, ಗಿರಣಿಯಿಂದ ಎರಕದ ಕಾರ್ಖಾನೆ, ಎರಕದಿಂದ ಪಂಪು, ಪಂಪಿನಿಂದ ಬಾವಿಯ ಆಳ, ಆಳದಿಂದ ಬರ ಎಂದು ಒಂದರ ಬಾಲವನ್ನು ಇನ್ನೊಂದರ ಕೈಗೆ ಕೊಡುತ್ತ ಹೋಗಿ, ಕೊನೆಗೆ ಇದೊಂದು 'ಸರಪಳಿ ಕ್ರಿಯೆ' ಎಂದು ಮುಗಿಸುತ್ತೇವೆ. ತಮಿಳಿನಲ್ಲಿ ಬರೆಯುವ ಗೆಳೆಯರು ಇದೇ ಜಾಗದಲ್ಲಿ 'ತೊಡರ್ ವಿನೈ' ಎನ್ನುತ್ತಾರೆ. ಈ ಮಾತು ವಿವರಣೆಯ ಹಾಗೆ ಕೇಳುತ್ತದೆ. ಆದರೆ ಬಹಳ ಸಲ ಅದು ವಿವರಣೆ ನಿಂತುಹೋದ ಸ್ಥಳವನ್ನು ಮುಚ್ಚುವ ಚಾಪೆ. ಯಾರು, ಯಾವಾಗ, ಯಾವ ತೀರ್ಮಾನದಿಂದ ಎಂಬ ಪ್ರಶ್ನೆಗಳನ್ನು ಅದು ಕೇಳಗೊಡುವುದಿಲ್ಲ. ಸರಪಳಿ ತಾನಾಗಿ ಓಡಿತೆಂದ ಮೇಲೆ ಓಡಿಸಿದವರನ್ನು ಹುಡುಕುವ ಗೋಜೇ ಇರುವುದಿಲ್ಲವಲ್ಲ.

ಈ ಪದ ಎಲ್ಲಿಂದ ಬಂತು, ಹುಟ್ಟಿದಾಗ ಅದರ ಅರ್ಥವೇನಿತ್ತು ಎಂಬುದನ್ನು ಒಮ್ಮೆ ಸರಿಯಾಗಿ ನೋಡಿ, ಆ ಅರ್ಥವನ್ನು ತೊಂಡಾಮುತ್ತೂರಿನಿಂದ ತಿರುಪ್ಪೂರಿನ ಕೆಳಗಿನವರೆಗೆ ನೊಯ್ಯಲ್ ನದಿಯ ಉದ್ದಕ್ಕೂ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

'ಸರಪಳಿ ಕ್ರಿಯೆ' ಎಂಬುದು ಜರ್ಮನ್ ಭಾಷೆಯ 'ಕೆಟೆನ್‌ರೆಆಕ್ಟ್ಸಿಯೋನ್' ಎಂಬ ಪದದ ನೇರ ಅನುವಾದ. 'ಕೆಟೆ' ಎಂದರೆ ಸರಪಳಿ, ಲ್ಯಾಟಿನ್ನಿನ 'ಕಟೇನಾ'ದಿಂದ ಬಂದದ್ದು. (ಕನ್ನಡದ ಕಿವಿಗೆ ಅದು 'ಕೆಟ್ಟೆ' ಎಂದು ಯಾರೋ ಉದ್ಗಾರ ತೆಗೆದ ಹಾಗೆ ಕೇಳಿಸುವುದು ಆಕಸ್ಮಿಕವೇ ಸರಿ, ಆದರೆ ಮುಂದಿನ ಕಥೆಗೆ ತೀರ ಹೊರಗಿನದಲ್ಲ.) ಈ ಕಲ್ಪನೆಯನ್ನು ರಸಾಯನಶಾಸ್ತ್ರಕ್ಕೆ ತಂದವನು ಹ್ಯಾನೋವರಿನಲ್ಲಿದ್ದ ಮ್ಯಾಕ್ಸ್ ಬೋಡೆನ್‌ಸ್ಟೈನ್, ವರ್ಷ 1913. ಅವನ ಎದುರಿಗಿದ್ದ ಸಮಸ್ಯೆ ಇದು. ಜಲಜನಕ ಮತ್ತು ಕ್ಲೋರಿನ್ ಅನಿಲಗಳ ಮಿಶ್ರಣದ ಮೇಲೆ ಬೆಳಕು ಬಿದ್ದರೆ ಅವು ಕೂಡಿ ಹೈಡ್ರೋಜನ್ ಕ್ಲೋರೈಡ್ ಆಗುತ್ತವೆ. ಬೆಳಕಿನ ಒಂದು ಕಣ ಒಂದು ಅಣುವನ್ನಷ್ಟೇ ಕೆರಳಿಸಬಲ್ಲದು ಎಂಬುದು ಐನ್‌ಸ್ಟೈನನ ನಿಯಮ. ಆದರೆ ಇಲ್ಲಿ ಒಂದು ಕಣಕ್ಕೆ ಲಕ್ಷಗಟ್ಟಲೆ ಅಣುಗಳು ಹುಟ್ಟುತ್ತಿದ್ದವು. ಬೆಳಕು ಕೊಟ್ಟದ್ದಕ್ಕೂ ಪಾತ್ರೆಯಲ್ಲಿ ಆದದ್ದಕ್ಕೂ ಲೆಕ್ಕ ಕೂಡಲಿಲ್ಲ. ಬೆಳಕು ಆರಂಭಿಸುವುದಷ್ಟೇ, ಆ ಬಳಿಕ ಒಂದು ಹೆಜ್ಜೆಯ ಫಲವೇ ಮುಂದಿನ ಹೆಜ್ಜೆಯ ಕಾರಣವಾಗುತ್ತದೆ ಎಂದು ಬೋಡೆನ್‌ಸ್ಟೈನ್ ಊಹಿಸಿದ. 1918ರಲ್ಲಿ ವಾಲ್ಟರ್ ನೆರ್ನ್‌ಸ್ಟ್ ಆ ಹೆಜ್ಜೆಗಳನ್ನು ಸ್ಪಷ್ಟಪಡಿಸಿದ: ಬೆಳಕಿನಿಂದ ಒಡೆದ ಕ್ಲೋರಿನ್ ಪರಮಾಣು ಜಲಜನಕದ ಅಣುವನ್ನು ಮುರಿದು ಒಂದು ಜಲಜನಕ ಪರಮಾಣುವನ್ನು ಬಿಡುಗಡೆ ಮಾಡುತ್ತದೆ, ಅದು ಕ್ಲೋರಿನ್ ಅಣುವನ್ನು ಮುರಿದು ಮತ್ತೊಂದು ಕ್ಲೋರಿನ್ ಪರಮಾಣುವನ್ನು ಬಿಡುಗಡೆ ಮಾಡುತ್ತದೆ. ಹೊರಟಲ್ಲಿಗೇ ಮತ್ತೆ ಬಂದಾಯಿತು. ಸರಪಳಿಯ ಗುಟ್ಟಿರುವುದು ಈ ಮರುಹುಟ್ಟಿನಲ್ಲಿ. ಕ್ರಿಯೆಯನ್ನು ಹೊತ್ತುಕೊಂಡು ಹೋಗುವ ವಾಹಕ ಪ್ರತಿ ಸುತ್ತಿನಲ್ಲೂ ಪುನಃ ಹುಟ್ಟಬೇಕು.

ಮುಂದಿನ ಅಧ್ಯಾಯವನ್ನು ಬರೆದವರು ಜರ್ಮನರಲ್ಲ. ಲೆನಿನ್‌ಗ್ರಾಡಿನಲ್ಲಿ ನಿಕೊಲಾಯ್ ಸೆಮ್ಯೊನೊವನ ಬಳಗ 1920ರ ದಶಕದ ನಡುವಿನಲ್ಲಿ ರಂಜಕದ ಆವಿಯ ಉರಿಯುವಿಕೆಯನ್ನು ಅಳೆಯುತ್ತಿದ್ದಾಗ ವಿಚಿತ್ರವೊಂದು ಕಂಡಿತು. ಆಮ್ಲಜನಕದ ಒತ್ತಡ ಒಂದು ಮಿತಿಗಿಂತ ಕೆಳಗಿದ್ದರೆ ಏನೂ ಆಗುತ್ತಿರಲಿಲ್ಲ. ಮಿತಿಯನ್ನು ಕೂದಲೆಳೆಯಷ್ಟು ದಾಟಿದರೆ ಎಲ್ಲವೂ ಹೊತ್ತಿಕೊಳ್ಳುತ್ತಿತ್ತು. ಬೋಡೆನ್‌ಸ್ಟೈನನೇ ಇದನ್ನು ಮೊದಲು ಒಪ್ಪಲಿಲ್ಲ. ಪ್ರಯೋಗದಲ್ಲಿ ದೋಷವಿದೆ ಎಂದು ಅವನ ವಾದ. ಸೆಮ್ಯೊನೊವ್ ಪ್ರಯೋಗವನ್ನು ಪುನಃ ನಡೆಸಿ, ಆ ಮಿತಿಯು ಪಾತ್ರೆಯ ಗಾತ್ರವನ್ನು ಅವಲಂಬಿಸಿದೆ ಎಂದು ತೋರಿಸಿದ. ಪಾತ್ರೆ ಚಿಕ್ಕದಾದರೆ ವಾಹಕಗಳು ಗೋಡೆಗೆ ಬಡಿದು ಸಾಯುತ್ತವೆ. ಜರ್ಮನ್ ಪರಿಭಾಷೆಯಲ್ಲಿ ಇದು 'ಕೆಟೆನ್‌ಆಬ್‌ಬ್ರುಖ್', ಅಂದರೆ ಸರಪಳಿ ಕಡಿಯುವುದು. ಪಾತ್ರೆ ದೊಡ್ಡದಾದರೆ ಒಂದು ವಾಹಕ ಸಾಯುವ ಮೊದಲೇ ಎರಡನ್ನು ಹುಟ್ಟಿಸುತ್ತದೆ. ಇದು 'ಫೆರ್ಟ್ಸ್ವೈಗುಂಗ್', ಕವಲೊಡೆಯುವುದು. ಕವಲು ಕಡಿತವನ್ನು ಮೀರಿದ ಗಳಿಗೆಯಲ್ಲಿ ಸ್ಫೋಟ. 1956ರ ನೊಬೆಲ್ ಪ್ರಶಸ್ತಿ ಸೆಮ್ಯೊನೊವನಿಗೂ ಇಂಗ್ಲೆಂಡಿನ ಹಿನ್ಶೆಲ್‌ವುಡ್‌ನಿಗೂ ಬಂದದ್ದು ಈ ಬಗೆಯ ಕೆಲಸಕ್ಕೆ. ಅಷ್ಟು ಹೊತ್ತಿಗೆ ಪದವು ರಸಾಯನಶಾಸ್ತ್ರವನ್ನು ಬಿಟ್ಟು ಬಹಳ ದೂರ ಹೋಗಿತ್ತು. 1933ರಲ್ಲಿ ಲಂಡನ್ನಿನಲ್ಲಿದ್ದ ಲಿಯೊ ಸಿಲಾರ್ಡ್ ಅದನ್ನು ನ್ಯೂಟ್ರಾನುಗಳಿಗೆ ಅನ್ವಯಿಸಿದ್ದ. 1942ರ ಡಿಸೆಂಬರಿನಲ್ಲಿ ಷಿಕಾಗೋದಲ್ಲಿ ಅದು ನಿಜವಾಯಿತು. 1945ರ ನಂತರ ಪತ್ರಿಕೆ ಓದುವ ಪ್ರತಿಯೊಬ್ಬನ ಬಾಯಲ್ಲೂ ಅದಿತ್ತು. ಗೋಡೆಯ ಮಾತನ್ನು ಮಾತ್ರ ಜನ ಮರೆತರು. ಸರಪಳಿ ಕ್ರಿಯೆ ಎಂದರೆ ತಡೆಯಲಾಗದ್ದು ಎಂಬ ಅರ್ಥವಷ್ಟೇ ಉಳಿಯಿತು. ಪ್ರಯೋಗಾಲಯದಲ್ಲಿ ಕಂಡದ್ದು ಇದರ ತಿರುವುಮುರುವು: ಅದು ಓಡುವುದೂ ನಿಲ್ಲುವುದೂ ಪಾತ್ರೆಯ ಗೋಡೆಯನ್ನು ಹೊಂದಿಕೊಂಡಿದೆ.

ಇದರ ಜೊತೆಗೆ ಬೆರೆತುಹೋಗುವ ಇನ್ನೆರಡು ಪದಗಳಿವೆ. 'ಲವೀನೆ' ಎಂದರೆ ಹಿಮಕುಸಿತ. ಹಿಮವನ್ನೇ ಕಾಣದ ನಮ್ಮ ನಾಡಿನಲ್ಲಿ ಅದನ್ನು ಗುಡ್ಡ ಕುಸಿತ ಎಂದುಕೊಳ್ಳಬಹುದು. ಅದನ್ನು ಇಲ್ಲಿಗೇ ಬಿಡುತ್ತೇನೆ. 'ಕಸ್ಕಾಡೆ' ಮುಖ್ಯವಾದದ್ದು. ಇಟಾಲಿಯನ್ನಿನ ಬೀಳುವಿಕೆಯ ಪದದಿಂದ ಫ್ರೆಂಚಿನ ಮೂಲಕ ಬಂದ ಇದಕ್ಕೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಜಲಪಾತವೆಂದು ಅರ್ಥ. ಭೌತಶಾಸ್ತ್ರದಲ್ಲಿ ಇದರ ಪ್ರಸಿದ್ಧ ಉದಾಹರಣೆಗೆ ನಮ್ಮವರ ಹೆಸರೂ ಅಂಟಿಕೊಂಡಿದೆ. 1937ರಲ್ಲಿ ಹೋಮಿ ಭಾಭಾ ಮತ್ತು ಜರ್ಮನಿಯಿಂದ ವಲಸೆ ಹೋಗಿದ್ದ ವಾಲ್ಟರ್ ಹೈಟ್ಲರ್ ವಿಶ್ವಕಿರಣಗಳ ಕಸ್ಕಾಡೆ ಸಿದ್ಧಾಂತವನ್ನು ಪ್ರಕಟಿಸಿದರು. ಎರಡು ವರ್ಷಗಳ ನಂತರ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ವಾತಾವರಣದ ಮೇಲ್ಪದರಕ್ಕೆ ಬಂದ ವೇಗದ ಎಲೆಕ್ಟ್ರಾನೊಂದು ಬೆಳಕಿನ ಕಣವನ್ನು ಹೊರಸೂಸುತ್ತದೆ, ಅದು ಒಂದು ಜೋಡಿಯಾಗಿ ಒಡೆಯುತ್ತದೆ, ಜೋಡಿಯ ಪ್ರತಿಯೊಂದೂ ಮತ್ತೆ ಸೂಸುತ್ತದೆ. ಕಣಗಳ ಸಂಖ್ಯೆ ಬೆಳೆಯುತ್ತ ಹೋಗುತ್ತದೆ, ಆದರೆ ಒಟ್ಟು ಶಕ್ತಿ ಮೊದಲನೆಯ ಕಣ ತಂದದ್ದಷ್ಟೇ. ಅದು ಪಾಲಾಗಿ ಪಾಲಾಗಿ ಕೊನೆಗೆ ತೀರುತ್ತದೆ.

ವ್ಯತ್ಯಾಸ ಇಲ್ಲಿದೆ. ಕಸ್ಕಾಡೆಯಲ್ಲಿ ಮೇಲಿನಿಂದ ಬಂದದ್ದೊಂದು ಹಂತಹಂತವಾಗಿ ಹಂಚಿಹೋಗುತ್ತದೆ. ಸರಪಳಿ ಕ್ರಿಯೆಯಲ್ಲಿ ಪ್ರತಿಯೊಂದು ಕೊಂಡಿಯೂ ತನ್ನೊಳಗೆ ಮೊದಲೇ ಕೂಡಿಟ್ಟಿದ್ದನ್ನು ಬಿಡುಗಡೆ ಮಾಡುತ್ತದೆ; ಹೊರಗಿನಿಂದ ಬಂದದ್ದು ಕಿಡಿ ಮಾತ್ರ. ಚರಿತ್ರೆಯ ಬರವಣಿಗೆಯಲ್ಲಿ ಈ ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರೆ ಹೊಣೆಯ ಲೆಕ್ಕ ತಪ್ಪುತ್ತದೆ.

ಈಗ ನದಿಗೆ ಬರೋಣ. ಕೊಯಮತ್ತೂರಿನ ಪಶ್ಚಿಮಕ್ಕೆ, ವೆಳ್ಳಿಯಂಗಿರಿ ಬೆಟ್ಟಗಳ ಬುಡದಲ್ಲಿ ತೊಂಡಾಮುತ್ತೂರು ಇದೆ. ಕೊಯಮತ್ತೂರಿನ ಬಯಲಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600–700 ಮಿಲಿಮೀಟರು. ಘಟ್ಟದ ಮರೆಯ ನಾಡು. ಆದರೆ ಬೆಟ್ಟದ ನೆತ್ತಿಗೆ ಮುಂಗಾರು ಸಿಕ್ಕುತ್ತದೆ, ಆ ನೀರು ತೊರೆಗಳಾಗಿ ಇಳಿದು ನೊಯ್ಯಲ್ ಆಗುತ್ತದೆ. ಪೇರೂರಿನ ಪಟ್ಟೀಶ್ವರ ದೇವಾಲಯವನ್ನು ಸವರಿಕೊಂಡು, ಕೊಯಮತ್ತೂರು, ತಿರುಪ್ಪೂರುಗಳನ್ನು ದಾಟಿ, ಕರೂರು ಸೀಮೆಯಲ್ಲಿ ಅದು ಕಾವೇರಿಗೆ ಸೇರುತ್ತದೆ. ಹಳೆಯ ಹೆಸರು ಕಾಂಚಿಮಾನದಿ. ವರ್ಷದ ಹೆಚ್ಚು ಕಾಲ ಒಣಗಿರುವ ಈ ನದಿಯನ್ನು ಬೇಸಾಯಕ್ಕೆ ಒಗ್ಗಿಸಿದ್ದು ಇಪ್ಪತ್ತಕ್ಕೂ ಹೆಚ್ಚು ಅಣೆಗಳು ಮತ್ತು ಮೂವತ್ತರ ಆಸುಪಾಸಿನ ಕೆರೆಗಳು. ಇವು ಕೊಂಗು ಚೋಳರ ಕಾಲದವೆಂದು ಸ್ಥಳೀಯ ಸಂಪ್ರದಾಯ.

ಈ ವ್ಯವಸ್ಥೆ ಅಕ್ಷರಶಃ ಕಸ್ಕಾಡೆ. ತೊಂಡಾಮುತ್ತೂರು ಭಾಗದ ಚಿತ್ರಚಾವಡಿ ಅಣೆಯನ್ನೇ ತೆಗೆದುಕೊಳ್ಳಿ. ಹೊಳೆಗೆ ಅಡ್ಡಲಾಗಿ ಕಟ್ಟಿದ ತಗ್ಗು ಗೋಡೆ ನೀರನ್ನು ನಿಲ್ಲಿಸುವುದಿಲ್ಲ. ಒಂದು ಪಾಲನ್ನು ಕಾಲುವೆಗೆ ತಿರುಗಿಸಿ ಉಳಿದದ್ದನ್ನು ಮೇಲಿನಿಂದ ಹರಿಯಬಿಡುತ್ತದೆ. ಕಾಲುವೆಯ ನೀರು ನರಸಾಂಪತಿ, ಕೃಷ್ಣಾಂಪತಿ, ಸೆಲ್ವಾಂಪತಿ, ಕುಮಾರಸ್ವಾಮಿ ಕೆರೆಗಳಿಗೆ ಸಾಗುತ್ತದೆ. ಒಂದು ತುಂಬಿ ಕೋಡಿ ಬಿದ್ದ ನೀರು ಮುಂದಿನದಕ್ಕೆ. ತೂಬಿನಿಂದ ಗದ್ದೆಗೆ ಹೋದ ನೀರಿನ ಬಸಿಕೆಯೂ ತಗ್ಗಿಗೇ. ಕೊನೆಯಲ್ಲಿ ಉಳಿದದ್ದು ಮರಳಿ ಹೊಳೆಗೆ, ಹೊಳೆಯಲ್ಲಿ ಕೆಳಗಿನ ಅಣೆಗೆ. ಯಾವ ಹಂತದಲ್ಲೂ ನೀರು ಹೊಸದಾಗಿ ಹುಟ್ಟುವುದಿಲ್ಲ. ಬೆಟ್ಟದಲ್ಲಿ ಬಿದ್ದದ್ದು ಪಾಲಾಗುತ್ತದೆ. ಕೋಲಾರ, ಬೆಂಗಳೂರು ಸೀಮೆಯ ಕೆರೆಸಾಲುಗಳನ್ನು ಬಲ್ಲ ಓದುಗರಿಗೆ ಇದು ಹೊಸದಲ್ಲ.

ಪದಗಳನ್ನು ಗಮನಿಸಿ. ಅಣೆ ತಮಿಳಿನಲ್ಲಿ ಅಣೈ, ತೂಬು ತೂಂಬು. ಎರಡು ಭಾಷೆಗಳನ್ನೂ ಆಡುವ ರೈತ ಇಲ್ಲಿ ಅನುವಾದ ಮಾಡುವುದೇ ಇಲ್ಲ, ಕೊನೆಯ ಸ್ವರವನ್ನು ತಿರುಗಿಸುತ್ತಾನೆ ಅಷ್ಟೆ. ಈ ಸೀಮೆಯಲ್ಲಿ ಅಂಥ ರೈತರು ಹಲವರಿದ್ದರು, ಇದ್ದಾರೆ. ಹೊಯ್ಸಳ ಮೂರನೆಯ ಬಲ್ಲಾಳನ ಆಳ್ವಿಕೆ ಕೊಂಗು ನಾಡಿನವರೆಗೆ ಚಾಚಿತ್ತು. ಹೊಯ್ಸಳ ದಂಡನಾಯಕರ ಹೆಸರು ಹೊತ್ತ ದಣ್ಣಾಯಕನ ಕೋಟೆ ಇಂದು ಭವಾನಿಸಾಗರದ ನೀರಿನೊಳಗಿದೆ. ಹದಿನೇಳನೆಯ ಶತಮಾನದಿಂದ 1799ರವರೆಗೆ, ನಡುನಡುವೆ ಕೈ ಬದಲಾದರೂ, ಕೊಯಮತ್ತೂರು ಮೈಸೂರಿನ ಸೀಮೆಯಾಗಿತ್ತು. ಟಿಪ್ಪುವಿನ ಪತನದ ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ಇಲ್ಲಿ ಹಾದುಹೋಗಿ ಬೆಳೆ, ಬಾವಿ, ಕೆರೆ, ಜಾತಿಗಳ ವಿವರ ಬರೆದುಕೊಂಡ. ಒಕ್ಕಲಿಗರು, ನೇಯ್ಗೆಯ ದೇವಾಂಗರು ಇಂದಿಗೂ ಮನೆಯಲ್ಲಿ ಕನ್ನಡ ಆಡುತ್ತಾರೆ, ಬರೆಯುವುದು ತಮಿಳಿನಲ್ಲಿ.

ಕೆರೆಯ ನೀರು ಸಿಗದ ಮೇಲುನೆಲಕ್ಕೆ ಬಾವಿಯೇ ಗತಿ. ಗಟ್ಟಿ ಬಂಡೆಯನ್ನು ಕಡಿದು ತೋಡಿದ ಅಗಲ ಬಾವಿಗಳು ಕೊಯಮತ್ತೂರಿನ ಹೆಗ್ಗುರುತು. ನೀರೆತ್ತುತ್ತಿದ್ದುದು ಕಪಿಲೆ, ತಮಿಳಿನ ಕವಲೈ: ಇಳಿಜಾರಿನ ದಾರಿಯಲ್ಲಿ ಜೋಡೆತ್ತು ಹಗ್ಗ ಎಳೆದು ಇಳಿದರೆ ಚರ್ಮದ ಚೀಲ ಮೇಲಕ್ಕೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ. ಬಾವಿ ಎಷ್ಟು ಆಳವೋ ಎತ್ತು ನಡೆಯುವ ದಾರಿ ಅಷ್ಟು ಉದ್ದ. ಆಳ ಹೆಚ್ಚಿದಷ್ಟೂ ಗಂಟೆಗೆ ಎತ್ತುವ ಚೀಲಗಳ ಎಣಿಕೆ ಇಳಿಯುತ್ತದೆ. ಒಂದು ಹಂತದ ನಂತರ ಎತ್ತಿನ ಮೇವಿನ ಖರ್ಚು ಬೆಳೆಯ ಬೆಲೆಯನ್ನು ಮೀರುತ್ತದೆ. ನನ್ನ ದೃಷ್ಟಿಯಲ್ಲಿ ಇದು ಸೆಮ್ಯೊನೊವನ ಗೋಡೆ. ನೆರೆಯವನ ಬಾವಿ ಬತ್ತುವಷ್ಟು ನೀರು ಎತ್ತಬೇಕೆಂದರೂ ಕಪಿಲೆ ಬಿಡುತ್ತಿರಲಿಲ್ಲ. ಕೆರೆ ಎರಡನೆಯ ಗೋಡೆ. ಅದರ ಬಸಿಕೆ ಸುತ್ತಲಿನ ಬಾವಿಗಳ ಮಟ್ಟವನ್ನು ಪ್ರತಿ ಮಳೆಗಾಲ ಮೇಲಕ್ಕೆತ್ತುತ್ತಿತ್ತು.

ಆಮೇಲೆ ನಡೆದದ್ದನ್ನು ಎಲ್ಲರೂ ಬಲ್ಲರು, ಆದ್ದರಿಂದ ಬೇಗ ಹೇಳುತ್ತೇನೆ. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಇಲ್ಲಿ ಮೊದಲ ನೂಲಿನ ಗಿರಣಿಯನ್ನು ಆರಂಭಿಸಿದ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಂದ ಕಾಂಬೋಡಿಯಾ ಹತ್ತಿ ಬಾವಿಯ ನೀರನ್ನು ಬೇಡುವ, ಒಳ್ಳೆಯ ಬೆಲೆ ತರುವ ಬೆಳೆ. ಅದು ತೋಟದ ರೈತರ ಕೈಗೆ ಹಣ ತಂದಿತು. 1932ರಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ ಕೇಂದ್ರ ಚಾಲೂ ಆದೊಡನೆ ಗಿರಣಿಗಳು ಸಾಲುಗಟ್ಟಿದವು, ಅವುಗಳ ದುರಸ್ತಿಗೆ ಎರಕದ ಕಾರ್ಖಾನೆಗಳು ಹುಟ್ಟಿದವು. 1937ರ ಹೊತ್ತಿಗೆ ಜಿ.ಡಿ. ನಾಯ್ಡು ಮತ್ತು ಬಾಲಸುಂದರಂ ನಾಯ್ಡು ಇಲ್ಲಿಯೇ ವಿದ್ಯುತ್ ಮೋಟಾರು ತಯಾರಿಸಿದ್ದರು. ಕ್ರಿಸ್ಟೊಫರ್ ಬೇಕರ್ 1984ರ ತನ್ನ ಗ್ರಂಥದಲ್ಲಿ ತಮಿಳು ಗ್ರಾಮಾಂತರದ ಆರ್ಥಿಕತೆಯನ್ನೂ, ಶರದ್ ಚಾರಿ 2004ರ ಗ್ರಂಥದಲ್ಲಿ ತಿರುಪ್ಪೂರಿನ ಗೌಂಡರ ಉದ್ಯಮವನ್ನೂ ಪರಿಶೀಲಿಸಿದ್ದಾರೆ. ಹೊಲದ ದುಡಿಮೆಗೂ ಕಾರ್ಖಾನೆಯ ಬಂಡವಾಳಕ್ಕೂ ನಡುವಿನ ನಂಟು ಅಲ್ಲಿ ಸಿಗುತ್ತದೆ. ನನಗೆ ಮುಖ್ಯವಾದದ್ದು ಒಂದೇ ಅಂಶ: ಹತ್ತಿಯ ಹಣದಿಂದ ಬೆಳೆದ ನಗರವು ತಯಾರಿಸಿದ ಮೋಟಾರು ಹತ್ತಿಯ ಬಾವಿಗೇ ಮರಳಿ ಬಂತು. ಹೊರಟಲ್ಲಿಗೆ ಬಂದು ಸೇರುವ ಈ ಸುತ್ತು ನೆರ್ನ್‌ಸ್ಟನ ಕ್ಲೋರಿನ್ ಪರಮಾಣುವಿನದೇ. ಆದ್ದರಿಂದ ಇದನ್ನು ಸರಪಳಿ ಎನ್ನುವುದು ತಪ್ಪಲ್ಲ. ಅದು ತಾನಾಗಿ ಸ್ಫೋಟಕ್ಕೆ ಹೋಯಿತೆನ್ನುವುದು ತಪ್ಪು.

ಬಾವಿಗಳ ನಡುವಿನ ಸರಪಳಿಯನ್ನು ಹತ್ತಿರದಿಂದ ನೋಡೋಣ. ಒಬ್ಬನು ಮೋಟಾರು ಇಟ್ಟು ಬಾವಿಯನ್ನು ಆಳಗೊಳಿಸಿದರೆ ಪಕ್ಕದ ಬಾವಿಯ ಮಟ್ಟ ಇಳಿಯುತ್ತದೆ. ಪಕ್ಕದವನೂ ಆಳಗೊಳಿಸಬೇಕು, ಇಲ್ಲವೇ ಬೇಸಾಯ ಬಿಡಬೇಕು. ಇಲ್ಲಿ ವಾಹಕವೆಂದರೆ ನೀರಿನ ಮಟ್ಟದ ಆ ಇಳಿತ. ಪ್ರತಿ ಹೊಸ ಆಳದಲ್ಲೂ ಅದು ಪುನಃ ಹುಟ್ಟುತ್ತದೆ. ಕೊಳವೆ ಬಾವಿ ಬಂದಾಗ ಕವಲೊಡೆಯಿತು, ಏಕೆಂದರೆ ಬಂಡೆಯ ಬಿರುಕನ್ನು ಹಿಡಿದು ಹೋಗುವ ಒಂದು ಕೊಳವೆ ಸುತ್ತಲಿನ ಹಲವು ತೆರೆದ ಬಾವಿಗಳನ್ನು ಒಮ್ಮೆಗೇ ಬತ್ತಿಸಬಲ್ಲದು. ಕರ್ನಾಟಕದ ಓದುಗರಿಗೆ ಈ ಯಂತ್ರದ ಪರಿಚಯ ಚೆನ್ನಾಗಿಯೇ ಇದೆ. ಬಯಲುಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಗುಡುಗುವ ಕೊರೆಯುವ ಲಾರಿಗಳ ಫಲಕದ ಮೇಲೆ 'ಟಿ.ಎನ್. 34' ಎಂದಿದ್ದರೆ ಅವು ತಿರುಚೆಂಗೋಡಿನವು, ಕೊಂಗು ನಾಡಿನವೇ. ಕೋಲಾರದ ಕೊಳವೆ ಬಾವಿಗೂ ಕೊಯಮತ್ತೂರಿನ ಕೊಳವೆ ಬಾವಿಗೂ ಸೂಲಗಿತ್ತಿ ಒಬ್ಬಳೇ.

ಆದರೆ ಗೋಡೆಗಳೇನಾದವು? ಒಂದೊಂದಾಗಿ ತೆಗೆಯಲ್ಪಟ್ಟವು, ಮತ್ತು ಪ್ರತಿಯೊಂದಕ್ಕೂ ತೇದಿಯಿದೆ. ಕಪಿಲೆಯ ಗೋಡೆ ಮೋಟಾರಿನಿಂದ ಬಿತ್ತು. ಕೆರೆಯ ಗೋಡೆಯ ಕಥೆ ಇನ್ನೂ ಸೂಕ್ಷ್ಮವಾದದ್ದು. ತೊಂಡಾಮುತ್ತೂರಿನ ಮೇಲಿನ ಬೆಟ್ಟದಿಂದ ಸಿರುವಾಣಿಯ ಸಿಹಿನೀರು 1931ರ ಸುಮಾರಿಗೆ ಕೊಯಮತ್ತೂರು ನಗರವನ್ನು ತಲುಪಿತು. ನಗರಕ್ಕೆ ಅದೊಂದು ವರವೇ ಸರಿ. ಆದರೆ ಕುಡಿಯುವ ನೀರು ಬೆಟ್ಟದಾಚೆಯಿಂದ ಬಂದ ಮೇಲೆ ಊರಿನ ಕೆರೆಗಳ ಬಗ್ಗೆ ನಗರಕ್ಕೆ ಚಿಂತೆಯ ಕಾರಣ ಉಳಿಯಲಿಲ್ಲ. ಮುಂದಿನ ದಶಕಗಳಲ್ಲಿ ಕಾಲುವೆಗಳು ಮುಚ್ಚಿದವು, ಉಕ್ಕಡಂ ಪೆರಿಯಕುಳಂ, ವಾಲಾಂಕುಳಂಗಳಿಗೆ ಚರಂಡಿಯ ನೀರು ಸೇರಿತು. ಸಿರುವಾಣಿ ಯೋಜನೆಯನ್ನು ರೂಪಿಸಿದವರಲ್ಲಿ ಯಾರೂ ಕೆರೆಗಳನ್ನು ಕೊಲ್ಲಬೇಕೆಂದು ಬಯಸಿರಲಿಲ್ಲ ಎಂಬುದು ನಿಜ. ಕೆರೆಗಳನ್ನು ಉಳಿಸಬೇಕೆಂಬ ಮಾತು ಆ ಯೋಜನೆಯ ಭಾಗವಾಗಲಿಲ್ಲ ಎಂಬುದೂ ಅಷ್ಟೇ ನಿಜ.

ಮೂರನೆಯ ಗೋಡೆ ವಿದ್ಯುತ್ತಿನ ಬಿಲ್ಲು. ಇದನ್ನು ಕುರಿತು ಬರೆಯುವಾಗ ಎಚ್ಚರ ಬೇಕು. 1970 ಮತ್ತು 1972ರಲ್ಲಿ ಪಂಪಿನ ವಿದ್ಯುತ್ ದರ ಏರಿಕೆಯ ವಿರುದ್ಧ ನಾರಾಯಣಸಾಮಿ ನಾಯ್ಡು ಅವರ ನಾಯಕತ್ವದಲ್ಲಿ ಕೊಯಮತ್ತೂರಿನ ರೈತರು ಎದ್ದರು. ಎತ್ತಿನ ಗಾಡಿಗಳು ನಗರದ ರಸ್ತೆಗಳನ್ನು ತುಂಬಿದವು. ಗೋಲಿಬಾರಿನಲ್ಲಿ ರೈತರು ಸತ್ತರು. ಆ ಹೋರಾಟದ ನ್ಯಾಯವನ್ನು ನಾನು ಅಲ್ಲಗಳೆಯಲಾರೆ. ಆಗಲೇ ಸಾಲ ಮಾಡಿ ಬಾವಿಯನ್ನು ಆಳಗೊಳಿಸಿದ್ದವನಿಗೆ ದರ ಏರಿಕೆಯೆಂದರೆ ಮುಳುಗುವವನ ಕೊರಳಿಗೆ ಕಲ್ಲು. ಆದರೆ 1984ರಲ್ಲಿ ಸಣ್ಣ ರೈತರಿಗೂ 1990ರ ಸುಮಾರಿಗೆ ಎಲ್ಲ ರೈತರಿಗೂ ಪಂಪಿನ ವಿದ್ಯುತ್ ಉಚಿತವಾದಾಗ, ಇನ್ನೂ ಹತ್ತು ಮೀಟರು ಕೆಳಗಿಳಿಯುವ ಪ್ರಶ್ನೆಗೆ ಖರ್ಚಿನ ಉತ್ತರವೇ ಇಲ್ಲವಾಯಿತು. ಈ ಮೂರೂ ಗೋಡೆಗಳು ಬಿದ್ದ ಮೇಲಿನ ಸ್ಥಿತಿಯನ್ನು ನಾವು 'ಸರಪಳಿ ಕ್ರಿಯೆ' ಎನ್ನುತ್ತೇವೆ, ಮೂರೂ ಮೊದಲಿನಿಂದಲೂ ಇಲ್ಲದಿದ್ದವೇನೋ ಎಂಬಂತೆ.

ಹೊಳೆಯ ಕೆಳಭಾಗದಲ್ಲಿ ಬೇರೆಯದೇ ಬಗೆಯ ಚರಿತ್ರೆ ನಡೆಯಿತು. 1980ರ ದಶಕದಿಂದ ತಿರುಪ್ಪೂರಿನ ಹೊಸೈರಿ ರಫ್ತು ಬೆಳೆದಂತೆ ನೂರಾರು ಬಣ್ಣಗಾರಿಕೆ ಘಟಕಗಳು ನೊಯ್ಯಲಿನ ದಡದಲ್ಲಿ ನೆಲೆಯಾದವು. ಹತ್ತಿಗೆ ಬಣ್ಣ ಹಿಡಿಸಲು ಉಪ್ಪು ಹೇರಳವಾಗಿ ಬೇಕು. ಬಣ್ಣವನ್ನು ಸೋಸಬಹುದು, ಕರಗಿದ ಉಪ್ಪನ್ನು ಸುಲಭವಾಗಿ ಸೋಸಲಾಗದು. 1990ರ ದಶಕದ ಆರಂಭದಲ್ಲಿ ಬೇಸಾಯಕ್ಕೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ತ್ಯಾಜ್ಯದ ಮಡುವಾಯಿತು. ಅದರ ಅಚ್ಚುಕಟ್ಟಿನ ರೈತರೇ ಆ ನೀರು ಬೇಡವೆಂದು ನ್ಯಾಯಾಲಯಕ್ಕೆ ಹೋದರು. ನಮ್ಮ ನೀರಾವರಿ ಚರಿತ್ರೆಯಲ್ಲಿ ಇಂಥ ಮೊಕದ್ದಮೆಗಳು ಹೆಚ್ಚಿರಲಾರವು.

ಇದು ಕಸ್ಕಾಡೆ. ಮೇಲಿನ ಬಿಂದುವಿನಲ್ಲಿ ಸೇರಿದ ಉಪ್ಪು ಕೆಳಗಿನ ಹಂತಗಳಿಗೆ, ಅಣೆಗೆ, ಅಲ್ಲಿಂದ ಬಾವಿಗೆ, ಬಾವಿಯಿಂದ ತೆಂಗಿನ ಬುಡಕ್ಕೆ ಹಂಚಿಹೋಗುತ್ತದೆ. ಹೊಲದಲ್ಲಿ ಉಪ್ಪು ಹುಟ್ಟಲಿಲ್ಲ, ಬಂದು ಸೇರಿತು. ಆದ್ದರಿಂದಲೇ ಇಲ್ಲಿ ಲೆಕ್ಕ ಸಾಧ್ಯವಾಯಿತು. ಪರಿಸರ ಹಾನಿಯ ಪ್ರಾಧಿಕಾರವು 2004ರಲ್ಲಿ ಸುಮಾರು 28 ಸಾವಿರ ರೈತರಿಗೆ ಸುಮಾರು 25 ಕೋಟಿ ರೂಪಾಯಿ ಪರಿಹಾರವನ್ನು ನಿಗದಿ ಮಾಡಿತು. 2006ರ ಡಿಸೆಂಬರಿನಲ್ಲಿ ಮದರಾಸು ಉಚ್ಚ ನ್ಯಾಯಾಲಯ ತ್ಯಾಜ್ಯವನ್ನು ಹೊಳೆಗೆ ಬಿಡಬಾರದೆಂಬ ಷರತ್ತುಗಳನ್ನು ವಿಧಿಸಿತು. ಅವು ಪಾಲನೆಯಾಗದಿದ್ದಾಗ 2011ರ ಜನವರಿ 28ರಂದು ಬಣ್ಣಗಾರಿಕೆ ಘಟಕಗಳನ್ನು ಮುಚ್ಚುವಂತೆ ಆದೇಶಿಸಿತು. ಪರಿಹಾರದ ಮೊತ್ತ ಹಾನಿಗೆ ಸಾಟಿಯೇ ಎಂಬುದು ಬೇರೆ ಮಾತು. ತಲೆಗೆ ಹಂಚಿದರೆ ಹತ್ತು ಸಾವಿರ ರೂಪಾಯಿಯೂ ಆಗುವುದಿಲ್ಲ. ಆದರೂ ಸುರಿದವರು ಇವರು, ಉಂಡವರು ಅವರು ಎಂದು ಬೊಟ್ಟು ಮಾಡಿ ತೋರಿಸಲು ಆಯಿತು.

ತೊಂಡಾಮುತ್ತೂರಿನ ಬತ್ತಿದ ಬಾವಿಗೆ ಅಂಥ ಮೊಕದ್ದಮೆ ಇಲ್ಲ. ಅಲ್ಲಿ ಪ್ರತಿಯೊಬ್ಬ ರೈತನೂ ಏಕಕಾಲಕ್ಕೆ ನೊಂದವನೂ ಹೌದು, ನೆರೆಯವನ ನೋವಿಗೆ ಕಾರಣನೂ ಹೌದು. ಹೊಣೆಯನ್ನು ಕೊಂಡಿಗಳ ನಡುವೆ ಹುಡುಕಿದರೆ ಅದು ಸಿಗುವುದಿಲ್ಲ, ಗೋಡೆ ತೆಗೆದ ಕಡೆ ಹುಡುಕಬೇಕು. ಪಂಪಿಟ್ಟ ರೈತನನ್ನು ದೂರುವ ಲೇಖನಗಳೂ, ಯಾರನ್ನೂ ದೂರದೆ ವಿಧಿಯನ್ನು ದೂರುವ ಲೇಖನಗಳೂ ಈ ಕಾರಣಕ್ಕೇ ನನಗೆ ಸಮನಾಗಿ ಅತೃಪ್ತಿಕರ.

ಪದದ ಪ್ರಶ್ನೆಗೆ ಮರಳಿ ಬರೋಣ, ಏಕೆಂದರೆ ಈ ಪತ್ರಿಕೆಯ ಓದುಗರು ಎರಡು ಭಾಷೆಗಳ ನಡುವೆ ಬದುಕುವವರು. ತಮಿಳಿನಲ್ಲಿ 'ತೊಡರ್' ಎಂದರೆ ಒಂದರ ಹಿಂದೊಂದು ಬರುವುದು. ಬೆಟ್ಟದ ಸಾಲಿಗೂ ವಾಕ್ಯಕ್ಕೂ ಧಾರಾವಾಹಿಗೂ ಅದೇ ಪದ. ಹಳಗನ್ನಡದ 'ತೊಡರ್' ಕೂಡ ಸಂಕೋಲೆ, ವೀರನು ಬಿರುದಿನ ಗುರುತಾಗಿ ಧರಿಸುವ ಸರಪಳಿ. ಹೊಸಗನ್ನಡದಲ್ಲಿ ಉಳಿದ 'ತೊಡರು' ಅಥವಾ 'ತೊಡಕು' ಎಂದರೆ ಕಾಲಿಗೆ ಸಿಕ್ಕಿಕೊಳ್ಳುವುದು, ತೊಂದರೆ. ಒಂದೇ ಬೇರು ತಮಿಳಿನಲ್ಲಿ ಮುಂದೆ ಸಾಗುತ್ತದೆ, ಕನ್ನಡದಲ್ಲಿ ಎಡವುತ್ತದೆ. ಕೆಟೆನ್‌ರೆಆಕ್ಟ್ಸಿಯೋನ್ ಎಂಬುದಕ್ಕೆ ಸರಪಳಿ ಕ್ರಿಯೆ ಎಂಬ ಪದ ಈಗಾಗಲೇ ರೂಢಿಯಲ್ಲಿದೆ, ಅದು ಇರಲಿ. ಆದರೆ ಕಸ್ಕಾಡೆಗೂ ನಾವು ಅದನ್ನೇ, ಇಲ್ಲವೇ 'ಸರಣಿ' ಎಂಬ ಸಪ್ಪೆ ಪದವನ್ನು ಬಳಸುತ್ತಿರುವುದು ಸೋಜಿಗ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದು ಕೆಳಗಿನ ಕೆರೆಗೆ ಹರಿಯುವುದನ್ನು ಸಾವಿರ ವರ್ಷ ನೋಡಿದ ಭಾಷೆಗೆ 'ಕೋಡಿಸಾಲು' ಎಂಬ ಪದ ಕಷ್ಟವಾಗಬಾರದು. ಭಾಭಾ ಅವರ ಕಣಗಳಿಗೂ ತಿರುಪ್ಪೂರಿನ ಉಪ್ಪಿಗೂ ಅದು ಸಲ್ಲುತ್ತದೆ.

ಕೊಯಮತ್ತೂರಿನ ಕನ್ನಡದ ಕ್ಷೀಣತೆಯನ್ನೂ ಸರಪಳಿ ಕ್ರಿಯೆ ಎಂದು ಹೇಳುವವರಿದ್ದಾರೆ: ಶಾಲೆ ಇಲ್ಲ, ಆದ್ದರಿಂದ ಓದು ಇಲ್ಲ, ಆದ್ದರಿಂದ ಶಾಲೆ ಬೇಡ. ಇಲ್ಲಿಯೂ ತೇದಿಗಳಿವೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಕನ್ನಡವನ್ನು ಬಲ್ಲ ಅಧಿಕಾರಿ ಜಿಲ್ಲೆಗೆ ಬೇಕಾಗಿತ್ತು. ಕೊಳ್ಳೇಗಾಲ ಮೈಸೂರಿಗೆ ಹೋಯಿತು. ತಾಳವಾಡಿಯ ಬೆಟ್ಟಸೀಮೆ ಇತ್ತ ಉಳಿಯಿತು, ಅದೂ 1979ರಲ್ಲಿ ಪೆರಿಯಾರ್ ಜಿಲ್ಲೆಗೆ, ಈಗಿನ ಈರೋಡಿಗೆ ಸೇರಿತು. ತೊಂಡಾಮುತ್ತೂರಿನ ಕನ್ನಡ ಮನೆಗಳಿಗೆ ಗಡಿರೇಖೆಯಿಂದ ನೇರವಾಗಿ ಏನೂ ಆಗಲಿಲ್ಲ, ಅವು ಇದ್ದಲ್ಲೇ ಇದ್ದವು. ಅವುಗಳ ಸುತ್ತಲಿನ ಗೋಡೆಯೊಂದು ಸರಿಯಿತು. ಕಪಿಲೆ ನಿಂತಾಗ ಅದರ ಹಗ್ಗ, ಗಾಲಿ, ಚೀಲಗಳ ಮನೆಮಾತೂ ನಿಂತಿತು. ಮೋಟಾರಿನ ಮಾತು ತಮಿಳಿನಲ್ಲಿಯೇ ಬಂತು, ಅದನ್ನು ಮಾರುವ ಅಂಗಡಿಯ ಭಾಷೆ ಅದಾಗಿತ್ತು. ಇದರಲ್ಲಿ ಯಾರ ದುರುದ್ದೇಶವನ್ನೂ ನಾನು ಕಾಣೆ.

2003ರಲ್ಲಿ ನಗರದ ಕೆಲವರು ಸಿರುತುಳಿ ಎಂಬ ಸಂಸ್ಥೆಯನ್ನು ಕಟ್ಟಿದರು, ನೊಯ್ಯಲಿನ ಕೆರೆಗಳ ಹೂಳೆತ್ತುವ ಕೆಲಸ ನಡೆಯಿತು. ಹೂಳೆತ್ತಿದ ಕೆರೆಗೆ ನೀರು ಬರಬೇಕಾದರೆ ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಯ ಬಾಯಿಯವರೆಗಿನ ಕಾಲುವೆ ತೆರೆದಿರಬೇಕು. ಕೆರೆಯನ್ನು ಗುರುತಿಸುವುದು ಸುಲಭ, ಮನೆ, ರಸ್ತೆ, ತೋಟಗಳ ನಡುವೆ ಕಳೆದುಹೋದ ಈ ಎರಡು ಮಾರು ಅಗಲದ ಪಟ್ಟಿಯನ್ನು ಗುರುತಿಸುವುದು ಕಷ್ಟ. ಚಿತ್ರಚಾವಡಿಯಲ್ಲಿ ಇಂದಿಗೂ ನೈಋತ್ಯ ಮಳೆ ಬಲವಾದ ವರ್ಷ ನೀರು ಅಣೆಯ ಮೇಲೆ ಉಕ್ಕಿ ಹರಿಯುತ್ತದೆ. ಅದರಲ್ಲಿ ಎಷ್ಟು ಕಾಲುವೆಗೆ ತಿರುಗಿತು, ನರಸಾಂಪತಿ ಯಾವ ದಿನ ಕೋಡಿ ಬಿತ್ತು, ಕೃಷ್ಣಾಂಪತಿಗೆ ನೀರು ಮುಟ್ಟಿತೇ ಎಂಬುದನ್ನು ತೋಟದವರು ಈಗಲೂ ಒಬ್ಬರನ್ನೊಬ್ಬರು ಕೇಳುತ್ತಾರೆ.